ಫೈಬರ್ ಒಳಗಿನ ಕಾಣದ ದೋಷ ಹುಡುಕುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರದ ರೆಕ್ಕೆ ರಿಪೇರಿ ಮಾಡುವ ಹುಡುಗರು, ದಾವಣಗೆರೆಯ ಫೈಬರ್ ಶೆಡ್‌ಗಳವರು, ಇಂಜಿನಿಯರಿಂಗ್ ಓದುವ ಮಕ್ಕಳು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಎದುರಿಗೆ ಸಿಕ್ಕಾಗ ಕೇಳಿದ್ದು, ಪತ್ರದಲ್ಲಿ ಬರೆದದ್ದು, ಫೋನಿನಲ್ಲಿ ಕೇಳಿದ್ದು ಎಲ್ಲವನ್ನೂ ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ಎಲ್ಲರಿಗೂ ಹಾಕುವ ತಿರುಗು ಪ್ರಶ್ನೆ ಒಂದಿದೆ: ಯಾವ ದೋಷ ಹುಡುಕುತ್ತಿದ್ದೀರಿ? ಅದು ಗೊತ್ತಾಗದೆ ಯಂತ್ರ ಆರಿಸಲು ಬರುವುದಿಲ್ಲ. ಮುಂದಿನ ಉತ್ತರಗಳಲ್ಲಿ ಬಹಳಷ್ಟು ಇದೇ ಮಾತಿನ ಮೇಲೆ ನಿಂತಿವೆ.

## ಶುರುವಿನ ಪ್ರಶ್ನೆಗಳು

ಕಾಂಪೋಸಿಟ್ ಅಂದ್ರೆ ಏನ್ ಸರ್? ನಮ್ಮನೆ ಮೇಲಿರೋ ಕಪ್ಪು ನೀರಿನ ಟ್ಯಾಂಕೂ ಅದೇನಾ?

ಅಲ್ಲ. ಮನೆ ಮೇಲಿನ ಕಪ್ಪು ಟ್ಯಾಂಕ್ ಸಾಮಾನ್ಯವಾಗಿ ಬರೀ ಪಾಲಿಥೀನ್ ಪ್ಲಾಸ್ಟಿಕ್. ಅದರಲ್ಲಿ ನಾರು ಇರುವುದಿಲ್ಲ. ಕಾಂಪೋಸಿಟ್ ಅಂದರೆ ಎರಡು ಬೇರೆ ಬೇರೆ ವಸ್ತು ಸೇರಿ ಆದದ್ದು. ಗಾಜಿನ ನಾರು ಅಥವಾ ಕಾರ್ಬನ್ ನಾರಿನ ಪದರಗಳನ್ನು ಒಂದರ ಮೇಲೊಂದು ಹಾಸಿ, ರೆಸಿನ್ ಎಂಬ ಅಂಟು ದ್ರವ ಕುಡಿಸಿ, ಗಟ್ಟಿಯಾಗಲು ಬಿಡುತ್ತಾರೆ. ಎಳೆತ ತಡೆಯುವುದು ನಾರು. ನಾರನ್ನು ಜಾಗದಲ್ಲಿ ಹಿಡಿದಿಡುವುದು ರೆಸಿನ್.

ನಮ್ಮ ಸುತ್ತಮುತ್ತ ಇದು ಸಾಕಷ್ಟಿದೆ. ಫೈಬರ್ ಬಾಗಿಲು, ಗಾಳಿಯಂತ್ರದ ರೆಕ್ಕೆ, ಹೊಸ ಥರದ ಹಗುರ ಗ್ಯಾಸ್ ಸಿಲಿಂಡರ್ ಎಲ್ಲ ಇದರದ್ದೇ. ತೇಜಸ್ ಯುದ್ಧವಿಮಾನದ ದೇಹದ ತೂಕದಲ್ಲಿ ಸುಮಾರು 45% ಕಾಂಪೋಸಿಟ್. ಬೋಯಿಂಗ್ 787ರಲ್ಲಿ ಸುಮಾರು ಅರ್ಧ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಮಾಡಿದ ಹಂಸ ತರಬೇತಿ ವಿಮಾನದ ಇಡೀ ದೇಹವೇ ಕಾಂಪೋಸಿಟ್.

ಹೊರಗೆ ನೋಡಿದ್ರೆ ಚೆನ್ನಾಗೇ ಇದೆ. ಒಳಗೆ ಹಾಳಾಗಿದೆ ಅಂತೀರಲ್ಲ, ಅದು ಹೇಗೆ?

ಕಬ್ಬಿಣದ ತಗಡಿಗೆ ಸ್ಪ್ಯಾನರ್ ಬಿದ್ದರೆ ತಗ್ಗು ಬೀಳುತ್ತದೆ, ಕಣ್ಣಿಗೆ ಕಾಣುತ್ತದೆ. ಕಾರ್ಬನ್ ಹಲಗೆ ಮೇಲೆ ಅದೇ ಸ್ಪ್ಯಾನರ್ ಬಿದ್ದರೆ ಹಲಗೆ ಕ್ಷಣಮಾತ್ರ ಬಾಗಿ ಮತ್ತೆ ಮೊದಲಿನಂತೆ ನಿಲ್ಲುತ್ತದೆ. ಹೊಡೆತದ ಶಕ್ತಿ ಎಲ್ಲಾದರೂ ಹೋಗಬೇಕಲ್ವಾ? ಪದರಗಳ ನಡುವೆ ಇರುವುದು ಬರೀ ರೆಸಿನ್, ಅಲ್ಲಿ ಅಡ್ಡ ಹಿಡಿಯುವ ನಾರಿಲ್ಲ. ಹಾಗಾಗಿ ಪದರಗಳು ಅಲ್ಲಲ್ಲೇ ಒಂದರಿಂದೊಂದು ಬಿಟ್ಟುಕೊಳ್ಳುತ್ತವೆ. ಇದಕ್ಕೆ ಡಿಲ್ಯಾಮಿನೇಶನ್ ಅನ್ನುತ್ತಾರೆ. ಮೇಲ್ಮೈಯಲ್ಲಿ ಉಗುರಿನಷ್ಟು ಗುರುತು ಇದ್ದರೆ, ಕೆಳಗೆ ಹೋದಂತೆ ಹಾನಿ ಅಗಲವಾಗುತ್ತಾ ಹಿಂಬದಿಯಲ್ಲಿ ಅಂಗೈಯಷ್ಟು ಆಗಿರಬಹುದು.

ಎಳೆದರೆ ಆ ಹಲಗೆ ಇನ್ನೂ ಗಟ್ಟಿಯಾಗಿಯೇ ಇರುತ್ತದೆ. ಅಮುಕಿದಾಗ ಬೇರೆಯಾಗುತ್ತದೆ. ಬಿಟ್ಟುಕೊಂಡ ತೆಳು ಪದರಗಳು ಒಂದೊಂದಾಗಿ ಬಾಗಿ ಕುಸಿಯುತ್ತವೆ. ಹೊಡೆತ ಜೋರಾಗಿದ್ದರೆ ಅಮುಕು ತಡೆಯುವ ಶಕ್ತಿ ಅರ್ಧಕ್ಕೂ ಇಳಿದೀತು. ವಿಮಾನದವರು ‘ಕಣ್ಣಿಗೆ ಕಂಡೂ ಕಾಣದ ಹೊಡೆತ’ ಎಂಬುದನ್ನೇ ಒಂದು ವರ್ಗ ಮಾಡಿ, ಅಂಥ ಹಾನಿ ಇದ್ದರೂ ರೆಕ್ಕೆ ತಡೆಯಬೇಕು ಎಂದು ಮೊದಲೇ ಲೆಕ್ಕ ಹಾಕಿ ವಿನ್ಯಾಸ ಮಾಡುವುದು ಇದಕ್ಕೇ.

ಒಳಗೆ ಯಾವ್ಯಾವ ಥರದ ದೋಷ ಇರುತ್ತೆ?

ತಯಾರಿಸುವಾಗಲೇ ಬರುವವು ಕೆಲವು, ಬಳಕೆಯಲ್ಲಿ ಬರುವವು ಕೆಲವು.

ತಯಾರಿಕೆಯಲ್ಲಿ ಮೊದಲನೆಯದು ಗಾಳಿಗುಳ್ಳೆ. ರೆಸಿನ್ ಒಳಗೆ ಸಣ್ಣ ಸಣ್ಣ ರಂಧ್ರ ಉಳಿದುಬಿಡುತ್ತವೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಗುಳ್ಳೆಯ ಪ್ರಮಾಣ 1% ಹೆಚ್ಚಿದರೆ ಪದರಗಳ ನಡುವಿನ ಜಾರು-ಬಲ ಸುಮಾರು 7% ಕಡಿಮೆಯಾಗುತ್ತದೆ. 4% ತನಕ ಈ ಲೆಕ್ಕ ಹೆಚ್ಚುಕಮ್ಮಿ ಹೀಗೇ ನಡೆಯುತ್ತದೆ. ವಿಮಾನದ ಭಾಗಗಳಲ್ಲಿ 2% ದಾಟಿದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಎರಡನೆಯದು ರೆಸಿನ್ ಕುಡಿಯದೆ ಒಣಗಿದ ನಾರು. ಮೂರನೆಯದು ಸುಕ್ಕು, ಅಂದರೆ ನೇರವಾಗಿ ಮಲಗಬೇಕಾದ ನಾರು ಅಲೆಯಂತೆ ಎದ್ದಿರುವುದು. ನನ್ನ ಮಟ್ಟಿಗೆ ಗಾಳಿಯಂತ್ರದ ರೆಕ್ಕೆಯಲ್ಲಿ ಹೆಚ್ಚು ಭಯಪಡಬೇಕಾದ್ದು ಈ ಸುಕ್ಕಿಗೆ. ಅಲ್ಲಿ ಖಾಲಿ ಜಾಗ ಇಲ್ಲ, ಹಾಗಾಗಿ ಸುಮಾರು ಉಪಕರಣಗಳಿಗೆ ಅದು ಕಾಣುವುದೇ ಇಲ್ಲ. ಇವುಗಳ ಜೊತೆಗೆ, ಪ್ರಿಪ್ರೆಗ್, ಅಂದರೆ ಮೊದಲೇ ರೆಸಿನ್ ಕುಡಿಸಿಟ್ಟ ನಾರಿನ ಹಾಳೆಯ ಹಿಂದಿನ ಪ್ಲಾಸ್ಟಿಕ್ ಪೊರೆ ತೆಗೆಯಲು ಮರೆತು ಹಾಗೇ ಪದರದೊಳಗೆ ಸೇರಿಸಿಬಿಡುವುದೂ ಉಂಟು.

ಬಳಕೆಯಲ್ಲಿ ಬರುವವು: ಹೊಡೆತದಿಂದ ಪದರ ಬಿಡುವುದು, ಅಂಟಿಸಿದ ಜೋಡಣೆ ಬಿಡುವುದು, ಎರಡು ತೆಳು ಹಲಗೆಗಳ ನಡುವೆ ಇಡುವ ಜೇನುಗೂಡಿನಂಥ ತಿರುಳಿನೊಳಗೆ ನೀರು ಸೇರುವುದು, ಸಿಡಿಲಿನ ಸುಟ್ಟ ಗಾಯ, ವರ್ಷಗಟ್ಟಲೆ ಬಾಗಿ ಬಾಗಿ ಬರುವ ಬಿರುಕು.

ನಾಣ್ಯದಿಂದ ತಟ್ಟಿ ನೋಡಿದ್ರೆ ಗೊತ್ತಾಗಲ್ವಾ? ಅದಕ್ಕೆ ಲಕ್ಷಗಟ್ಟಲೆ ಮಷೀನ್ ಯಾಕೆ?

ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬಾರಿಸಿ ನೋಡುತ್ತಾರಲ್ಲ, ತಟ್ಟುವ ಪರೀಕ್ಷೆಯೂ ಅದೇ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಬಿಟ್ಟುಕೊಂಡ ಜಾಗ ಬೊದ ಬೊದ ಎನ್ನುತ್ತದೆ. ಕೆಳಗೆ ಪದರ ಬಿಟ್ಟಿದ್ದರೆ ಮೇಲಿನ ಹೊರಪದರ ಮೆತ್ತಗಾಗಿರುತ್ತದೆ. ಸುತ್ತಿಗೆಯ ತುದಿ ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ತಾಗಿಕೊಂಡಿರುತ್ತದೆ, ಸ್ವರ ಇಳಿಯುತ್ತದೆ. ಈ ತಾಗಿದ ಹೊತ್ತನ್ನೇ ಅಳೆದು ಅಂಕಿ ತೋರಿಸುವ ಡಿಜಿಟಲ್ ಸುತ್ತಿಗೆಗಳೂ ಇವೆ.

ಇದನ್ನು ನಾನು ಯಾವತ್ತೂ ಕೀಳಾಗಿ ಕಾಣುವುದಿಲ್ಲ. ಖರ್ಚಿಲ್ಲ, ಕರೆಂಟ್ ಬೇಡ, ಹಗ್ಗದಲ್ಲಿ ನೇತಾಡುತ್ತಲೂ ಮಾಡಬಹುದು. ಆದರೆ ಇದರ ಕಿವಿಗೆ ಸಿಗುವುದು ಮೇಲ್ಮೈಗೆ ಹತ್ತಿರದ, ನಾಣ್ಯದಷ್ಟಾದರೂ ಅಗಲದ ಬಿಡುವಿಕೆ ಮಾತ್ರ. ದಪ್ಪ ಹಲಗೆಯ ಆಳದಲ್ಲಿದ್ದರೆ ಸದ್ದು ಬದಲಾಗುವುದಿಲ್ಲ. ಗಾಳಿಗುಳ್ಳೆ, ಸುಕ್ಕು ಎರಡೂ ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಜನರೇಟರ್ ಓಡುತ್ತಿದ್ದರೆ ಮಾಡಲೇಬೇಡಿ.

2005ರ ಮಾರ್ಚ್ 6ರಂದು ಕ್ಯೂಬಾದ ವರಾಡೆರೊದಿಂದ ಹೊರಟ ಏರ್‌ಬಸ್ ಎ310 ವಿಮಾನದ ಕಾಂಪೋಸಿಟ್ ರಡ್ಡರ್ (ಬಾಲದಲ್ಲಿರುವ, ಎಡಬಲಕ್ಕೆ ತಿರುಗಿಸುವ ಫಲಕ) ಆಕಾಶದಲ್ಲೇ ಬಹುಪಾಲು ಕಿತ್ತುಹೋಯಿತು. ಪೈಲಟ್‌ಗಳು ವಿಮಾನವನ್ನು ಸುರಕ್ಷಿತವಾಗಿ ಹಿಂದಕ್ಕೆ ತಂದರು. ಅಂಥ ರಡ್ಡರ್‌ಗೆ ಆಗ ಇದ್ದ ತಪಾಸಣೆ ಕ್ರಮ ಹಾನಿಯನ್ನು ಸಕಾಲದಲ್ಲಿ ಹಿಡಿಯಲು ಸಾಲದು ಎಂದು ಕೆನಡಾದ ತನಿಖೆ ಹೇಳಿತು. ಯಾವ ಭಾಗಕ್ಕೆ ಯಾವ ಪರೀಕ್ಷೆ ಎಂಬುದನ್ನು ಸುಲಭ, ಅಗ್ಗ ಅನ್ನುವುದರ ಮೇಲೆ ನಿರ್ಧರಿಸಬಾರದು ಎನ್ನಲು ನಾನು ಇದನ್ನೇ ಉದಾಹರಣೆ ಕೊಡುತ್ತೇನೆ.

ನಮ್ದು ದಾವಣಗೆರೆಯಲ್ಲಿ ಸಣ್ಣ ಫೈಬರ್ ಶೆಡ್. ಕೈಯಲ್ಲೇ ಮ್ಯಾಟ್ ಹಾಕಿ ರೆಸಿನ್ ಬಳಿತೀವಿ. ಮಷೀನ್ ತರೋ ಶಕ್ತಿ ಇಲ್ಲ. ನಾವೇನು ಮಾಡಬಹುದು?

ಬಹಳ ಮಾಡಬಹುದು. ಗಾಜಿನ ನಾರಿಗೆ ಒಂದು ದೊಡ್ಡ ಅನುಕೂಲ ಇದೆ, ಬಣ್ಣ ಬೆರೆಸದಿದ್ದರೆ ಬೆಳಕು ಹಾಯುತ್ತದೆ. ಜೆಲ್‌ಕೋಟ್, ಅಂದರೆ ಹೊರಮೈಯ ನುಣುಪು ರೆಸಿನ್ ಲೇಪ, ಬಣ್ಣದ್ದಾಗಿದ್ದರೆ ಇದು ಆಗದು. ಆಗ ಅದೇ ದಿನ, ಅದೇ ರೆಸಿನ್‌ನಿಂದ ಜೆಲ್‌ಕೋಟ್ ಇಲ್ಲದ ಒಂದು ತುಂಡು ಪಕ್ಕದಲ್ಲಿ ಮಾಡಿಕೊಳ್ಳಿ. ಕತ್ತಲೆಯಲ್ಲಿ ಹಿಂದಿನಿಂದ ಟಾರ್ಚ್ ಹಿಡಿದು ನೋಡಿ. ಗುಳ್ಳೆ, ಒಣ ನಾರು, ಬಿಟ್ಟ ಪದರ ಎಲ್ಲ ಮಚ್ಚೆಯಾಗಿ ಕಾಣುತ್ತವೆ.

ಎರಡನೆಯದು, ರೆಸಿನ್ ಪೂರ್ತಿ ಗಟ್ಟಿಯಾಗಿದೆಯೇ ಎಂದು ನೋಡುವ ಬಾರ್ಕೋಲ್ ಎಂಬ ಕೈಯಳತೆಯ ಸಾಧನ. ಚೂಪು ಮುಳ್ಳನ್ನು ಒತ್ತಿದರೆ ಅಂಕಿ ತೋರಿಸುತ್ತದೆ. ರೆಸಿನ್ ಕಂಪನಿಯವರು ಕೊಟ್ಟ ಅಂಕಿಗಿಂತ ಕಡಿಮೆ ಬಂದರೆ ರೆಸಿನ್ ಗಟ್ಟಿಯಾಗಲು ಬೆರೆಸುವ ಹಾರ್ಡ್ನರ್ ಅಳತೆ ತಪ್ಪಿದೆ, ಇಲ್ಲವೇ ಇನ್ನೂ ಗಟ್ಟಿಯಾಗುತ್ತಿದೆ.

ಮೂರನೆಯದು ಸುಟ್ಟು ನೋಡುವ ಪರೀಕ್ಷೆ. ಅಂಚಿನಿಂದ ಕತ್ತರಿಸಿದ ತುಂಡನ್ನು ತೂಗಿ, ಕುಲುಮೆಯಲ್ಲಿ ಸುಮಾರು 565 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟರೆ ರೆಸಿನ್ ಪೂರ್ತಿ ಸುಟ್ಟು ಗಾಜಿನ ನಾರು ಮಾತ್ರ ಉಳಿಯುತ್ತದೆ. ಅದನ್ನು ತೂಗಿ. ನಾರೆಷ್ಟು, ರೆಸಿನ್ ಎಷ್ಟು ಎಂಬುದು ಸಿಕ್ಕಿತು. ಅಂಥ ಕುಲುಮೆ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ನಲ್ಲಿ ಸಾಮಾನ್ಯವಾಗಿ ಇರುತ್ತದೆ, ಹೋಗಿ ಕೇಳಿ. ಸುಡುವಾಗ ಹೊಗೆ ಕುಡಿಯಬೇಡಿ.

## ಉಪಕರಣಗಳ ಬಗ್ಗೆ

ಅಲ್ಟ್ರಾಸೌಂಡ್ ಅಂದ್ರೆ ಆಸ್ಪತ್ರೆ ಸ್ಕ್ಯಾನಿಂಗ್ ಥರಾನೇನಾ?

ಮೂಲ ಅದೇ. ಹಲಗೆಗೆ ತಾಗಿಸುವ ಪ್ರೋಬ್ ಎಂಬ ಸಾಧನದ ಒಳಗಿನ ಹರಳು ಕಿವಿಗೆ ಕೇಳದ ಶಬ್ದವನ್ನು ಕಳಿಸುತ್ತದೆ, ಮರಳಿ ಬಂದದ್ದನ್ನು ಕೇಳಿಸಿಕೊಳ್ಳುತ್ತದೆ. ಶಬ್ದಕ್ಕೆ ಗಾಳಿ ಎದುರಾದರೆ ಬಹುತೇಕ ಪೂರ್ತಿ ವಾಪಸ್ ಬರುತ್ತದೆ. ಪದರ ಬಿಟ್ಟ ಜಾಗದಲ್ಲಿ ಕೂದಲೆಳೆಯಷ್ಟು ಗಾಳಿ ಇದ್ದರೂ ಸಾಕು. ಪ್ರೋಬ್ ಮತ್ತು ಹಲಗೆ ನಡುವೆ ನೀರು ಅಥವಾ ಜೆಲ್ ಹಚ್ಚುವುದು ಇದೇ ಕಾರಣಕ್ಕೆ, ಅಲ್ಲಿಯೂ ಗಾಳಿ ಇರಬಾರದು.

ಲೆಕ್ಕ ಹೀಗೆ. ಕಾರ್ಬನ್ ಹಲಗೆಯ ದಪ್ಪದ ದಿಕ್ಕಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 3000 ಮೀಟರ್. ಹಲಗೆ 6 ಮಿ.ಮೀ. ದಪ್ಪ ಇದ್ದರೆ ಹೋಗಿ ಬರಲು 12 ಮಿ.ಮೀ., ಅಂದರೆ 4 ಮೈಕ್ರೋಸೆಕೆಂಡ್. ಪರದೆಯ ಮೇಲೆ 4ರಲ್ಲಿ ಹಿಂಬದಿಯ ಪ್ರತಿಧ್ವನಿ ಏಳಬೇಕು. 2 ಮೈಕ್ರೋಸೆಕೆಂಡಿಗೇ ಒಂದು ದೊಡ್ಡ ಗೆರೆ ಎದ್ದು, 4ರದ್ದು ಮಾಯವಾಗಿದ್ದರೆ 3 ಮಿ.ಮೀ. ಆಳದಲ್ಲಿ ಪದರ ಬಿಟ್ಟಿದೆ. ಮಧ್ಯೆ ಗೆರೆ ಇಲ್ಲ, ಆದರೆ ಹಿಂಬದಿಯದ್ದು ಕುಗ್ಗಿದೆ ಅಂದರೆ ಗಾಳಿಗುಳ್ಳೆ ಇರಬಹುದು. ಅಲ್ಲಿ ಶಬ್ದ ಚದುರಿ ಸೊರಗುತ್ತದೆ.

ಒಂದೇ ಜಾಗದ ಈ ಗೆರೆಚಿತ್ರಕ್ಕೆ ಎ-ಸ್ಕ್ಯಾನ್ ಅನ್ನುತ್ತಾರೆ. ಅಡ್ಡ ಸೀಳಿ ನೋಡಿದಂತೆ ತೋರಿಸುವುದು ಬಿ-ಸ್ಕ್ಯಾನ್. ಇಡೀ ಹಲಗೆಯನ್ನು ಮೇಲಿನಿಂದ ನೋಡಿದ ನಕ್ಷೆ ಸಿ-ಸ್ಕ್ಯಾನ್. ವರದಿಯಲ್ಲಿ ಬಣ್ಣ ಬಣ್ಣವಾಗಿ ಕಾಣುವುದು ಇದೇ. ಹುಡುಗರಿಗೆ ನಾನು ಹೇಳುವುದಿಷ್ಟು: ಸಿ-ಸ್ಕ್ಯಾನ್‌ನಲ್ಲಿ ಕೆಂಪು ಮಚ್ಚೆ ಕಂಡ ತಕ್ಷಣ ತೀರ್ಮಾನ ಮಾಡಬೇಡಿ. ಆ ಜಾಗದ ಎ-ಸ್ಕ್ಯಾನ್ ತೆರೆದು ನೋಡಿ. ಜೆಲ್ ಒಣಗಿದ್ದರೂ, ಅಲ್ಲಿ ಒಂದು ಪದರ ಬೇಕೆಂದೇ ಕಡಿಮೆ ಹಾಕಿದ್ದರೂ ಬಣ್ಣ ಬದಲಾಗುತ್ತದೆ.

ಸ್ಟೀಲ್ ವೆಲ್ಡಿಂಗ್ ನೋಡೋ ಯುಟಿ (ಅಲ್ಟ್ರಾಸೌಂಡ್) ಮಷೀನ್ ನಮ್ಮ ಹತ್ರ ಇದೆ. ಅದರಲ್ಲೇ ಫೈಬರ್ ನೋಡಬಹುದಾ?

ಯಂತ್ರ ಆಗುತ್ತದೆ. ಪ್ರೋಬ್, ಸೆಟ್ಟಿಂಗ್, ಅಭ್ಯಾಸ ಮೂರೂ ಬದಲಾಗಬೇಕು. ಸ್ಟೀಲಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5900 ಮೀಟರ್. ಅದೇ ಸೆಟ್ಟಿಂಗ್ ಇಟ್ಟುಕೊಂಡು ಕಾರ್ಬನ್ ನೋಡಿದರೆ ಆಳದ ಲೆಕ್ಕ ಹತ್ತಿರ ಹತ್ತಿರ ಎರಡು ಪಟ್ಟು ತಪ್ಪುತ್ತದೆ. ವೆಲ್ಡಿಂಗ್‌ಗೆ ಓರೆ ಪ್ರೋಬ್ ಬಳಸುತ್ತೀರಿ. ಇಲ್ಲಿ ದೋಷ ಮೇಲ್ಮೈಗೆ ಸಮಾನಾಂತರ ಇರುವುದರಿಂದ ನೇರ ಪ್ರೋಬ್ ಬೇಕು. ತೆಳು ಕಾರ್ಬನ್ ಹಲಗೆಗೆ 5 ಮೆಗಾಹರ್ಟ್ಸ್ ಸರಿಹೋಗುತ್ತದೆ. ದಪ್ಪ ಗಾಜಿನ ನಾರಿಗೆ 0.5ರಿಂದ 1 ಮೆಗಾಹರ್ಟ್ಸ್‌ಗೆ ಇಳಿಯಬೇಕು, ಇಲ್ಲದಿದ್ದರೆ ಶಬ್ದ ಒಳಗೇ ಸತ್ತುಹೋಗುತ್ತದೆ. ಇಳಿದಷ್ಟೂ ಸಣ್ಣ ದೋಷ ಕೈಜಾರುತ್ತದೆ. ಈ ಕೊಡು-ಕೊಳ್ಳುವಿಕೆ ತಪ್ಪಿಸಲು ಆಗದು.

ಎಕ್ಸ್-ರೇ ತೆಗೆದ್ರೆ ಎಲ್ಲಾ ಕಾಣಿಸುತ್ತಲ್ವಾ?

ಇಲ್ಲ. ಎಕ್ಸ್-ರೇ ನೋಡುವುದು ದಾರಿಯಲ್ಲಿ ಎಷ್ಟು ವಸ್ತು ಇದೆ ಎಂಬುದನ್ನು. ಪದರ ಬಿಟ್ಟುಕೊಂಡರೆ ವಸ್ತು ಕಡಿಮೆಯಾಗುವುದಿಲ್ಲ, ನಡುವೆ ತೆಳು ಸಂದು ಬರುತ್ತದೆ ಅಷ್ಟೇ. ನೇರ ಮೇಲಿನಿಂದ ತೆಗೆದ ಎಕ್ಸ್-ರೇಯಲ್ಲಿ ಅಂಗೈ ಅಗಲದ ಡಿಲ್ಯಾಮಿನೇಶನ್ ಕೂಡ ಕಾಣದೆ ಹೋಗಬಹುದು. ಜೇನುಗೂಡು ತಿರುಳು ಕುಸಿದಿದ್ದರೆ, ಅದರೊಳಗೆ ನೀರು ನಿಂತಿದ್ದರೆ, ಲೋಹದ ಚೂರು ಸೇರಿದ್ದರೆ ಚೆನ್ನಾಗಿ ಕಾಣುತ್ತದೆ. ಸುತ್ತಲೂ ತಿರುಗಿಸಿ ತೆಗೆಯುವ ಸಿಟಿ ಸ್ಕ್ಯಾನ್‌ನಲ್ಲಿ ಸುಕ್ಕು, ಗುಳ್ಳೆ ಎಲ್ಲ ಸಿಗುತ್ತವೆ, ಆದರೆ ಅದು ಸಣ್ಣ ಭಾಗಗಳಿಗೆ ಸರಿ.

ಥರ್ಮಲ್ ಕ್ಯಾಮೆರಾ ಒಂದು ಕೊಂಡರೆ ಸಾಕಾ?

ಕ್ಯಾಮೆರಾ ಅರ್ಧ ಮಾತ್ರ. ಇನ್ನರ್ಧ ಬಿಸಿ ಮಾಡುವ ವ್ಯವಸ್ಥೆ. ಮೇಲ್ಮೈಗೆ ಜೋರಾದ ಫ್ಲ್ಯಾಶ್ ಬಿಟ್ಟು ಬಿಸಿ ಮಾಡಿದರೆ ಆ ಶಾಖ ಒಳಗಿಳಿಯುತ್ತದೆ. ಕೆಳಗೆ ಪದರ ಬಿಟ್ಟಿದ್ದರೆ ಅಲ್ಲಿನ ಗಾಳಿ ಶಾಖವನ್ನು ತಡೆಯುತ್ತದೆ. ಮೇಲಿನ ಮೈ ಅಲ್ಲಿ ನಿಧಾನವಾಗಿ ತಣಿಯುತ್ತದೆ. ಕ್ಯಾಮೆರಾ ಅದನ್ನೇ ಹಿಡಿಯುತ್ತದೆ.

ಶಾಖ ಇಳಿಯುವ ಹೊತ್ತು ಆಳದ ವರ್ಗಕ್ಕೆ, ಅಂದರೆ ಆಳವನ್ನು ಆಳದಿಂದಲೇ ಗುಣಿಸಿದ್ದಕ್ಕೆ ತಕ್ಕಂತೆ ಹೆಚ್ಚುತ್ತದೆ. ಕಾರ್ಬನ್ ಹಲಗೆಯಲ್ಲಿ 1 ಮಿ.ಮೀ. ಆಳದ ದೋಷ ಒಂದೆರಡು ಸೆಕೆಂಡಿನಲ್ಲಿ ಕಂಡರೆ, 4 ಮಿ.ಮೀ. ಆಳದ್ದಕ್ಕೆ ಹದಿನಾರು ಪಟ್ಟು ಹೊತ್ತು ಬೇಕು. ಅಷ್ಟರಲ್ಲಿ ಶಾಖ ಪಕ್ಕಕ್ಕೂ ಹರಡಿ ಗುರುತು ಮಸುಕಾಗುತ್ತದೆ. ದೋಷದ ಅಗಲ ಅದರ ಆಳಕ್ಕಿಂತ ಕಡಿಮೆ ಇದ್ದರೆ ಆಸೆ ಬಿಡಿ ಎಂಬುದು ಈ ಕೆಲಸದವರ ಅಂದಾಜು. ಹಾಗಾಗಿ ತೆಳು ಹೊರಪದರ, ದೊಡ್ಡ ವಿಸ್ತೀರ್ಣ ಇದ್ದಲ್ಲಿ ಇದಕ್ಕೆ ಸಾಟಿ ಇಲ್ಲ. ದಪ್ಪಕ್ಕೆ ಬೇಡ.

ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ 2003ರ ಫೆಬ್ರವರಿ 1ರಂದು ಒಡೆದುಹೋಯಿತು. ಜನವರಿ 16ರಂದು ಮೇಲೇರುವಾಗ ಫೋಮ್ ತುಂಡೊಂದು ಎಡರೆಕ್ಕೆಯ ಮುಂದಂಚಿನ ಕಾರ್ಬನ್-ಕಾರ್ಬನ್ ಹಲಗೆಗೆ ಬಡಿದಿತ್ತು. ಅಂಥ ಹಲಗೆಗಳನ್ನು ಒಡೆಯದೆ ಒಳಗೆ ನೋಡುವ ಮುಂದುವರಿದ ವಿಧಾನಗಳಿಂದ ಪರೀಕ್ಷಿಸಬೇಕು ಎಂದು ತನಿಖಾ ಮಂಡಳಿ ಹೇಳಿತು. ಆಮೇಲೆ ಉಳಿದ ನೌಕೆಗಳ ಹಲಗೆಗಳಿಗೆ ಫ್ಲ್ಯಾಶ್ ಥರ್ಮೋಗ್ರಫಿ ಬಂತು.

ಶಿಯರೋಗ್ರಫಿ, ಎಡ್ಡಿ ಕರೆಂಟ್ ಅಂತ ಸಿಲಬಸ್‌ನಲ್ಲಿದೆ. ಇವು ಎಲ್ಲಿ ಬರುತ್ತವೆ?

ಶಿಯರೋಗ್ರಫಿಯಲ್ಲಿ ಮೇಲ್ಮೈಗೆ ಲೇಸರ್ ಬೆಳಕು ಬಿಟ್ಟು, ಸ್ವಲ್ಪ ಬಿಸಿ ಅಥವಾ ನಿರ್ವಾತ ಕೊಟ್ಟು, ಮೈ ಎಲ್ಲಿ ಕೂದಲೆಳೆಗಿಂತ ಕಡಿಮೆ ಉಬ್ಬಿತು ಎಂದು ನೋಡುತ್ತಾರೆ. ಟೈರ್ ತಪಾಸಣೆಯಲ್ಲೂ ಇದೆ. ಎಡ್ಡಿ ಕರೆಂಟ್‌ಗೆ ವಿದ್ಯುತ್ ಹರಿಯುವ ವಸ್ತು ಬೇಕು. ಕಾರ್ಬನ್‌ನಲ್ಲಿ ಅಷ್ಟಿಷ್ಟು ಹರಿಯುತ್ತದೆ, ನಾರಿನ ದಿಕ್ಕು ತಿಳಿಯಲು ಉಪಯೋಗ. ಗಾಜಿನ ನಾರಿಗೆ ಅದು ಏನೂ ಮಾಡದು.

## ನಮ್ಮ ಗುಡ್ಡ, ನಮ್ಮ ಬಯಲು

ಗುಡ್ಡದ ಮೇಲಿನ ಫ್ಯಾನ್ ರೆಕ್ಕೆ ಒಳಗೆ ಏನಿರುತ್ತೆ? ಅದನ್ನ ಹೇಗೆ ಪರೀಕ್ಷೆ ಮಾಡ್ತಾರೆ?

ಹೊರಗೆ ಗಾಜಿನ ನಾರಿನ ಎರಡು ಚಿಪ್ಪು. ಅವುಗಳ ನಡುವೆ ಬಾಲ್ಸಾ ಮರ ಅಥವಾ ಫೋಮ್ ತಿರುಳು. ಉದ್ದಕ್ಕೂ ಬೆನ್ನೆಲುಬಾಗಿ ದಪ್ಪ ಪಟ್ಟಿ, ಅದಕ್ಕೆ ಸ್ಪಾರ್ ಕ್ಯಾಪ್ ಅನ್ನುತ್ತಾರೆ. ಮೇಲಿನ ಕೆಳಗಿನ ಪಟ್ಟಿಗಳನ್ನು ಹಿಡಿದಿಡುವ ಗೋಡೆಯಂಥ ಶಿಯರ್ ವೆಬ್. ಎಲ್ಲವನ್ನೂ ಅಂಟಿನಿಂದ ಕೂಡಿಸಿರುತ್ತಾರೆ. ಹೆದ್ದಾರಿ 48ರಲ್ಲಿ ಉದ್ದ ಟ್ರೇಲರ್ ಮೇಲೆ ಹೋಗುವ ರೆಕ್ಕೆ ನೋಡಿರುತ್ತೀರಿ. ಹೊರಗಿನಿಂದ ಒಂದೇ ತುಂಡು ಅನಿಸುತ್ತದೆ, ಒಳಗೆ ಉದ್ದಕ್ಕೂ ಅಂಟಿನ ಜೋಡಣೆಗಳಿವೆ.

ನಿಮಿಷಕ್ಕೆ 15 ಸುತ್ತು ಅಂತ ಬಿಡುವಿಲ್ಲದೆ ತಿರುಗಿದರೆ 20 ವರ್ಷದಲ್ಲಿ 15 ಕೋಟಿಗೂ ಜಾಸ್ತಿ ಸುತ್ತು ಆಗುತ್ತದೆ. ಪ್ರತಿ ಸುತ್ತಿನಲ್ಲೂ ರೆಕ್ಕೆಯ ಸ್ವಂತ ತೂಕ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಎಳೆಯುತ್ತದೆ. ತಯಾರಿಕೆಯಲ್ಲಿ ಬಿಟ್ಟ ಸಣ್ಣ ಸುಕ್ಕು ಬಿರುಕಾಗಿ ಬೆಳೆಯುವುದು ಹೀಗೆ.

ಕಾರ್ಖಾನೆಯಲ್ಲೇ ಸ್ಪಾರ್ ಕ್ಯಾಪ್ ಮತ್ತು ಅಂಟಿನ ಜಾಗವನ್ನು ಅಲ್ಟ್ರಾಸೌಂಡ್‌ನಿಂದ ನೋಡುವುದು ಒಳ್ಳೆಯ ಪದ್ಧತಿ. ಗುಡ್ಡದ ಮೇಲೆ ನಿಂತ ಮೇಲೆ ಹಗ್ಗದಲ್ಲಿ ಇಳಿದು ಕಣ್ಣಿನಿಂದ ನೋಡುತ್ತಾರೆ, ತಟ್ಟುತ್ತಾರೆ, ಅನುಮಾನ ಬಂದಲ್ಲಿ ಪ್ರೋಬ್ ಇಡುತ್ತಾರೆ. ದೊಡ್ಡ ರೆಕ್ಕೆಯ ಬುಡದ ಕಡೆ ಮನುಷ್ಯ ಒಳಗೇ ಹೋಗಿ ಅಂಟಿನ ಸಾಲು ನೋಡಬಹುದು. ಆಷಾಢದ ಗಾಳಿ ಶುರುವಾದರೆ ಹಗ್ಗದ ಕೆಲಸಕ್ಕೆ ಅವಕಾಶವೇ ಸಿಗದು. ಕರೆಂಟ್ ಹೆಚ್ಚು ಬರುವ ತಿಂಗಳುಗಳೂ ಅವೇ, ಯಂತ್ರ ನಿಲ್ಲಿಸಲು ಯಾರೂ ಒಪ್ಪುವುದಿಲ್ಲ. ತಪಾಸಣೆಯನ್ನು ಬೇಸಿಗೆಯಲ್ಲೇ ಮುಗಿಸಿ ಎಂದು ನಾನು ಒತ್ತಿ ಹೇಳುವುದು ಅದಕ್ಕೇ.

ಈಗ ಡ್ರೋನ್ ಹಾರಿಸಿ ಫೋಟೋ ತೆಗೀತಾರಲ್ಲ. ಅಷ್ಟು ಸಾಲದಾ?

ಫೋಟೋದಲ್ಲಿ ಮೈಮೇಲಿನದು ಕಾಣುತ್ತದೆ. ತುದಿಯ ವೇಗ ಸೆಕೆಂಡಿಗೆ 80 ಮೀಟರ್ ಆಸುಪಾಸು, ಅಂದರೆ ಗಂಟೆಗೆ ಸುಮಾರು 290 ಕಿ.ಮೀ. ಆ ವೇಗದಲ್ಲಿ ಧೂಳು, ಮಳೆಹನಿ ಬಡಿದು ಮುಂದಂಚು ಸವೆದದ್ದು, ಜೆಲ್‌ಕೋಟ್ ಬಿರುಕು, ಸಿಡಿಲಿನ ಕಪ್ಪು ಗುರುತು ಇವಕ್ಕೆ ಡ್ರೋನ್ ಬಹಳ ಒಳ್ಳೆಯದು. ಆದರೆ ಜೆಲ್‌ಕೋಟ್ ಬಿರುಕು ಅಷ್ಟಕ್ಕೇ ನಿಂತಿದೆಯೋ, ಕೆಳಗಿನ ನಾರಿನ ತನಕ ಇಳಿದಿದೆಯೋ ಎಂಬುದನ್ನು ಫೋಟೋ ಹೇಳದು. ಬಿರುಕು ಒಂದೇ ಕೋನದಲ್ಲಿ, ಸಾಲಾಗಿ, ಸ್ಪಾರ್ ಕ್ಯಾಪ್ ಮೇಲೆಯೇ ಬರುತ್ತಿದ್ದರೆ ಮನುಷ್ಯನನ್ನು ಹತ್ತಿಸಿ.

ಸಿಡಿಲು ಹೊಡೆದ್ರೂ ರೆಕ್ಕೆ ತಿರುಗ್ತಾ ಇದೆ. ಹಾಗೇ ಬಿಡಬಹುದಾ?

ಬಿಡಬಾರದು. ರೆಕ್ಕೆ ತುದಿಯಲ್ಲಿ ಸಿಡಿಲು ಹಿಡಿಯುವ ಲೋಹದ ಬಿಲ್ಲೆ ಇರುತ್ತದೆ, ಅಲ್ಲಿಂದ ತಂತಿಯಲ್ಲಿ ನೆಲಕ್ಕೆ ಹೋಗಬೇಕು. ಸಿಡಿಲು ಬಿಲ್ಲೆ ತಪ್ಪಿಸಿ ಚಿಪ್ಪು ತೂರಿದರೆ ಒಳಗಿನ ತೇವ, ಗಾಳಿ ಒಮ್ಮೆಲೇ ಹಿಗ್ಗಿ ಅಂಟಿನ ಸಾಲನ್ನು ಸೀಳುತ್ತದೆ. ಹೊರಗೆ ಕಾಣುವುದು ಗುಂಡುಸೂಜಿಯಷ್ಟು ತೂತು. ಭರಣಿ, ಕೃತ್ತಿಕಾ ಮಳೆಯ ಗುಡುಗು ಮುಗಿದ ಮೇಲೆ ತುದಿಯ ಕಡೆ ಹಿಂದಂಚನ್ನು ತಟ್ಟಿ ನೋಡುವುದು, ತಂತಿ ಕಡಿದಿಲ್ಲವೇ ಎಂದು ಮೀಟರ್ ಹಿಡಿದು ನೋಡುವುದು ಎರಡನ್ನೂ ಮಾಡಿಸಿ.

ಚಳ್ಳಕೆರೆ ಹತ್ರ ಹಾರಿಸೋ ಪೈಲಟ್ ಇಲ್ಲದ ವಿಮಾನಗಳೂ ಕಾಂಪೋಸಿಟ್ಟೇ ಅಲ್ವಾ? ಅವಕ್ಕೂ ಹೀಗೇ ಪರೀಕ್ಷೆನಾ?

ಹೌದು. ಚಳ್ಳಕೆರೆ ಬಳಿಯ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ವಲಯ ಉದ್ಘಾಟನೆಯಾದದ್ದು 2017ರ ಮೇನಲ್ಲಿ. ಬಾಲವಿಲ್ಲದ, ತಾನಾಗಿ ಹಾರುವ ರೆಕ್ಕೆ ವಿಮಾನದ ಮೊದಲ ಹಾರಾಟ ಅಲ್ಲೇ, 2022ರ ಜುಲೈ 1ರಂದು ಆಯಿತು. ಅದನ್ನು ದೇಶದಲ್ಲೇ ಮಾಡಿದ ಕಾರ್ಬನ್ ಪ್ರಿಪ್ರೆಗ್‌ನಿಂದ ಕಟ್ಟಿದ್ದಾರೆ ಎಂದೂ, ಕಾಂಪೋಸಿಟ್ ಒಳಗೇ ಅದರ ಆರೋಗ್ಯ ಗಮನಿಸುವ ಫೈಬರ್ ವ್ಯವಸ್ಥೆ ಸೇರಿಸಿದ್ದಾರೆ ಎಂದೂ ಸರ್ಕಾರ 2023ರ ಡಿಸೆಂಬರ್‌ನಲ್ಲಿ ಹೇಳಿತು. ಇದು ನನಗೆ ಬಹಳ ಖುಷಿ ಕೊಟ್ಟ ಸುದ್ದಿ. ವಸ್ತುವಿನೊಳಗೇ ಕಾವಲು ಕೂರಿಸಿದರೆ ಎರಡು ತಪಾಸಣೆಗಳ ನಡುವೆ ಆದದ್ದೂ ದಾಖಲಾಗುತ್ತದೆ.

## ಆಳದ ಪ್ರಶ್ನೆಗಳು

ರೆಫರೆನ್ಸ್ ಪ್ಯಾನೆಲ್ ಮಾಡಿಸೋಕೆ ಖರ್ಚು ಜಾಸ್ತಿ. ಅದಿಲ್ಲದೆ ಪರೀಕ್ಷೆ ಮಾಡಿದ್ರೆ ಏನಾಗುತ್ತೆ?

ಯಂತ್ರದ ಪರದೆ ಮೇಲೆ ಚಿತ್ರ ಬರುತ್ತದೆ, ಅದರ ಅರ್ಥ ಯಾರಿಗೂ ಗೊತ್ತಿರುವುದಿಲ್ಲ. ಅದೇ ನಾರು, ಅದೇ ರೆಸಿನ್, ಅದೇ ದಪ್ಪದ ಹಲಗೆಯಲ್ಲಿ ಬೇಕೆಂದೇ ದೋಷ ಇಟ್ಟು ಮಾಡಿದ ಮಾದರಿ ಬೇಕು. ಸಾಮಾನ್ಯವಾಗಿ ತೆಳು ಟೆಫ್ಲಾನ್ ಬಿಲ್ಲೆಗಳನ್ನು ಬೇರೆ ಬೇರೆ ಆಳದಲ್ಲಿ ಇಡುತ್ತಾರೆ. ವಿಮಾನದ ಕೆಲಸದಲ್ಲಿ 6 ಮಿ.ಮೀ. ಬಿಲ್ಲೆ ಕಾಣಬೇಕು ಎಂಬ ಬೇಡಿಕೆ ಸಾಮಾನ್ಯ. ಇಲ್ಲೊಂದು ಎಚ್ಚರಿಕೆ. ಟೆಫ್ಲಾನ್ ಗಾಳಿಯಲ್ಲ, ಶಬ್ದ ಸ್ವಲ್ಪ ದಾಟುತ್ತದೆ. ನಿಜವಾದ ಡಿಲ್ಯಾಮಿನೇಶನ್ ಕೊಡುವ ಪ್ರತಿಧ್ವನಿ ಅದಕ್ಕಿಂತ ಜೋರಾಗಿರಬಹುದು. ಸುಕ್ಕು ಹುಡುಕುವವರಿಗೆ ಟೆಫ್ಲಾನ್ ಬಿಲ್ಲೆಯ ಮಾದರಿ ಪ್ರಯೋಜನಕ್ಕೇ ಬಾರದು, ಸುಕ್ಕಿಟ್ಟೇ ಮಾಡಿಸಬೇಕು.

ದೋಷ ಸಿಕ್ತು ಅಂದ್ರೆ ಆ ಭಾಗ ಬಿಸಾಕಬೇಕಾ?

ಹಾಗೇನಿಲ್ಲ. ದೋಷ ಇಲ್ಲದ ಕಾಂಪೋಸಿಟ್ ಇಲ್ಲ. ಹಲಗೆ ನಡುವೆ 10 ಮಿ.ಮೀ. ಬಿಡುವಿಕೆ ಇದ್ದರೆ ಎಷ್ಟೋ ಸಲ ಹಾಗೇ ಒಪ್ಪುತ್ತಾರೆ. ಅದೇ 10 ಮಿ.ಮೀ. ಬೋಲ್ಟ್ ತೂತಿನ ಅಂಚಿನಲ್ಲಿದ್ದರೆ ಒಪ್ಪುವುದಿಲ್ಲ. ಎಷ್ಟು ದೊಡ್ಡದು, ಯಾವ ಆಳ, ಎಲ್ಲಿ ಎಂದು ಹೇಳುವುದು ನಮ್ಮ ಕೆಲಸ. ಇಟ್ಟುಕೊಳ್ಳಬೇಕೇ, ರಿಪೇರಿಯೇ, ತೆಗೆದುಹಾಕಬೇಕೇ ಎಂಬ ಮಿತಿಯನ್ನು ವಿನ್ಯಾಸ ಮಾಡಿದವರು ಕೊಡಬೇಕು. ಮಿತಿ ಬರೆದು ಕೊಡದೆ ‘ನೀವೇ ನೋಡಿ ಹೇಳಿ’ ಎಂದರೆ ಒಪ್ಪಿಕೊಳ್ಳಬೇಡಿ.

ಕಸ್ಟಮರ್ ‘ದೋಷ ಇಲ್ಲ’ ಅಂತ ಸರ್ಟಿಫಿಕೇಟ್ ಕೇಳ್ತಾರೆ. ಕೊಡಬಹುದಾ?

ಹಾಗೆ ಬರೆಯಬೇಡಿ. ‘ಈ ವಿಧಾನದಿಂದ, ಈ ಪ್ರೋಬ್‌ನಿಂದ, ಈ ಜಾಗದಲ್ಲಿ, ಇಷ್ಟು ಗಾತ್ರಕ್ಕಿಂತ ದೊಡ್ಡ ಡಿಲ್ಯಾಮಿನೇಶನ್ ಕಂಡುಬಂದಿಲ್ಲ’ ಎಂದು ಬರೆಯಿರಿ. ಪ್ರೋಬ್ ತಲುಪದ ಮೂಲೆಗಳನ್ನು ನಕ್ಷೆಯಲ್ಲಿ ಗುರುತಿಸಿ.

ವಿಮಾನದವರು ಇದನ್ನು ಲೆಕ್ಕಕ್ಕೇ ಇಳಿಸಿದ್ದಾರೆ. ಬೇರೆ ಬೇರೆ ತಪಾಸಣೆಗಾರರಿಗೆ ದೋಷವಿರುವ, ಇಲ್ಲದ ಹಲಗೆಗಳನ್ನು ಕೊಟ್ಟು, ಯಾವ ಗಾತ್ರವನ್ನು 100ರಲ್ಲಿ 90 ಸಲ ಹಿಡಿಯುತ್ತಾರೆ ಎಂದು 95% ಭರವಸೆಯೊಂದಿಗೆ ಅಂದಾಜಿಸುತ್ತಾರೆ. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಒಬ್ಬ ಜಾಣ ಹಿಡಿದ ಅತಿ ಸಣ್ಣ ದೋಷ ಎಷ್ಟು ಎಂಬುದು ಸುರಕ್ಷತೆಗೆ ಬೇಕಿಲ್ಲ. ಸುಸ್ತಾದ ಮಧ್ಯಾಹ್ನ, ಬಿಸಿಲಲ್ಲಿ, ಸಾಮಾನ್ಯ ತಪಾಸಣೆಗಾರ ಬಿಟ್ಟುಬಿಡಬಹುದಾದ ಅತಿ ದೊಡ್ಡ ದೋಷ ಎಷ್ಟು ಎಂಬುದು ಬೇಕು. ರೆಕ್ಕೆ ಉಳಿಯುವುದು ಅದರ ಮೇಲೆ.

ಅಂಟಿಸಿದ ಜಾಗ ಎಷ್ಟು ಗಟ್ಟಿ ಇದೆ ಅಂತ ಹೇಳೋ ಮಷೀನ್ ಇದೆಯಾ?

ಇದು ನನಗೆ ಬರುವ ಅತಿ ಮುಖ್ಯ ಪ್ರಶ್ನೆ. ನೇರ ಉತ್ತರ: ಅಂಟು ಇದೆಯೋ ಇಲ್ಲವೋ ಎಂದು ಹೇಳುವ ಯಂತ್ರಗಳಿವೆ, ಎಷ್ಟು ಗಟ್ಟಿ ಎಂದು ನಂಬಿಕೆಯಿಂದ ಅಳೆಯುವ ಸಾಮಾನ್ಯ ಯಂತ್ರ ಇಲ್ಲ. ಎರಡು ಮೈಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ, ನಡುವೆ ಗಾಳಿ ಇಲ್ಲ, ಶಬ್ದ ಸರಾಗ ದಾಟುತ್ತದೆ. ಆದರೆ ಅಚ್ಚಿನ ಮೇಣವೋ, ಕೈಬೆವರೋ, ತೇವವೋ ಇದ್ದು ಅಂಟು ಹಿಡಿದೇ ಇರುವುದಿಲ್ಲ. ಇದಕ್ಕೆ ಕಿಸ್ಸಿಂಗ್ ಬಾಂಡ್ ಅನ್ನುತ್ತಾರೆ. ಸಿ-ಸ್ಕ್ಯಾನ್ ಸ್ವಚ್ಛವಾಗಿ ಬರುತ್ತದೆ, ಭಾರ ಬಿದ್ದ ದಿನ ಬಿಚ್ಚಿಕೊಳ್ಳುತ್ತದೆ. ಲೇಸರ್ ಹೊಡೆತದಿಂದ ಒಳಗೆ ಕ್ಷಣಮಾತ್ರ ಎಳೆತ ಹುಟ್ಟಿಸಿ ಅಂಟನ್ನು ಪರೀಕ್ಷಿಸುವ ವಿಧಾನ ಇದೆ, ಅದು ನಮ್ಮಂಥ ಶೆಡ್‌ಗಳಿಗೆ ದೂರದ ಮಾತು.

ಹಾಗಾಗಿ ಇಲ್ಲಿ ತಪಾಸಣೆ ಅಂಟಿಸುವ ಮೊದಲೇ ನಡೆಯಬೇಕು. ಮೈ ಉಜ್ಜಿ, ಒರೆಸಿ, ಶುದ್ಧ ನೀರು ಹಾಕಿ ನೋಡಿ. ನೀರು ಅರ್ಧ ನಿಮಿಷ ಒಡೆಯದೆ ಪೊರೆಯಂತೆ ಹರಡಿ ನಿಂತರೆ ಮೈ ಸ್ವಚ್ಛ. ಹನಿ ಹನಿಯಾಗಿ ಕೂಡಿಕೊಂಡರೆ ಜಿಡ್ಡಿದೆ, ಮತ್ತೆ ಉಜ್ಜಿ. ಪರೀಕ್ಷೆಯ ನಂತರ ಪೂರ್ತಿ ಒಣಗಿಸಿ. ಅದೇ ಹೊತ್ತಿಗೆ, ಅದೇ ಅಂಟಿನಿಂದ ಸಣ್ಣ ಪಟ್ಟಿಗಳನ್ನು ಜೋಡಿಸಿಟ್ಟು, ಗಟ್ಟಿಯಾದ ಮೇಲೆ ಎಳೆದು ಮುರಿಯಿರಿ. ಅಂಟು ತನ್ನೊಳಗೇ ಹರಿದಿದ್ದರೆ ಸರಿ. ಮೈಯಿಂದ ನುಣ್ಣಗೆ ಎದ್ದು ಬಂದಿದ್ದರೆ ಬಲದ ಅಂಕಿ ಎಷ್ಟೇ ಇರಲಿ, ಒಪ್ಪಬೇಡಿ.

ಬಿರುಕು ಬಿಡುವಾಗಲೇ ಸದ್ದು ಕೇಳಿಸಿಕೊಳ್ಳೋ ವಿಧಾನ ಇದೆಯಂತೆ. ಅದಿದ್ರೆ ಬೇರೆ ಪರೀಕ್ಷೆ ಬೇಡ ಅಲ್ವಾ?

ಅಕೌಸ್ಟಿಕ್ ಎಮಿಷನ್ ಅಂದರೆ ಅದೇ. ನಾರು ತುಂಡಾದರೆ, ರೆಸಿನ್ ಸೀಳಿದರೆ ಹೊರಡುವ ಸಣ್ಣ ಅಲೆಯನ್ನು ಅಂಟಿಸಿದ ಸೆನ್ಸರ್ ಹಿಡಿಯುತ್ತದೆ. ಭಾರ ಹಾಕಿ ಪರೀಕ್ಷಿಸುವಾಗ ಇದು ಅಮೂಲ್ಯ. ಆದರೆ ಮೊದಲೇ ಇದ್ದು ಸುಮ್ನೆ ಕೂತ ದೋಷ ಸದ್ದು ಮಾಡುವುದಿಲ್ಲ. ಸದ್ದು ಕೇಳಿದ ಮೇಲೆ ಏನು ಮಾಡಬೇಕು ಎಂದು ಮೊದಲೇ ಬರೆದಿಡದಿದ್ದರೆ ಕೇಳಿಯೂ ಉಪಯೋಗ ಇಲ್ಲ.

2023ರ ಜೂನ್ 18ರಂದು ಟೈಟಾನಿಕ್ ಅವಶೇಷದತ್ತ ಇಳಿಯುತ್ತಿದ್ದ ಟೈಟಾನ್ ಎಂಬ ಕಾರ್ಬನ್ ನಾರಿನ ಮುಳುಗುನೌಕೆ ಕುಸಿದು ಐವರು ಸತ್ತರು. ಅದರಲ್ಲಿ ಸದ್ದು ಹಿಡಿಯುವ ಸೆನ್ಸರ್‌ಗಳು ಇದ್ದವು. 2022ರ ಜುಲೈನ ಒಂದು ಮುಳುಗಿನ ಕೊನೆಯಲ್ಲಿ ಜೋರಾದ ಶಬ್ದ ಕೇಳಿಬಂದಿತ್ತು, ನಂತರದ ಮುಳುಗುಗಳ ಅಂಕಿಗಳು ಬೇರೆಯಾಗಿದ್ದವು. ನೌಕೆಯ ಹೊರಕವಚದ ಪದರಗಳಲ್ಲಿ ಸುಕ್ಕು, ಗಾಳಿಗುಳ್ಳೆ ಇದ್ದದ್ದನ್ನು ಅಮೆರಿಕದ ತನಿಖೆ ತೋರಿಸಿತು. ಆ ಶಬ್ದ ಕೇಳಿದ ದಿನವೇ ನೌಕೆ ನಿಲ್ಲಿಸಿ, ಒಳಗೆ ನೋಡಬೇಕಿತ್ತು.

ನಾನು ಡಿಪ್ಲೊಮಾ ಮೆಕ್ಯಾನಿಕಲ್, ಊರು ಹೊಳಲ್ಕೆರೆ. ಈ ಕೆಲಸಕ್ಕೆ ಬರೋದು ಹೇಗೆ ಸರ್?

ಎನ್‌ಡಿಟಿಯಲ್ಲಿ, ಅಂದರೆ ವಸ್ತುವನ್ನು ಒಡೆಯದೆ ಪರೀಕ್ಷಿಸುವ ಈ ಕೆಲಸದಲ್ಲಿ, ಲೆವೆಲ್ 1, 2, 3 ಎಂಬ ಮೂರು ಮೆಟ್ಟಿಲುಗಳಿವೆ. ನಮ್ಮಲ್ಲಿ ಐಎಸ್ 13805 ಎಂಬ ಭಾರತೀಯ ಮಾನಕದ ಪ್ರಕಾರ ಪರೀಕ್ಷೆ ನಡೆಯುತ್ತದೆ, ಇಂಡಿಯನ್ ಸೊಸೈಟಿ ಫಾರ್ ನಾನ್ ಡಿಸ್ಟ್ರಕ್ಟಿವ್ ಟೆಸ್ಟಿಂಗ್ ನಡೆಸುತ್ತದೆ. ಅಲ್ಟ್ರಾಸೌಂಡ್ ಲೆವೆಲ್ 2 ಮೊದಲು ಮಾಡಿಕೊಳ್ಳಿ. ಸ್ವತಂತ್ರವಾಗಿ ಫಲಿತಾಂಶ ಓದಿ ಸಹಿ ಹಾಕುವ ಅಧಿಕಾರ ಅಲ್ಲಿಂದ ಶುರು. ಹೆಚ್ಚಿನ ಕೋರ್ಸುಗಳು ಸ್ಟೀಲ್ ವೆಲ್ಡಿಂಗ್ ಮೇಲೆಯೇ ಇರುತ್ತವೆ. ಕಾಂಪೋಸಿಟ್ ಬೇಕಾದರೆ ಒಂದಷ್ಟು ಕಾಲ ಫೈಬರ್ ಶೆಡ್‌ನಲ್ಲೋ, ರೆಕ್ಕೆ ರಿಪೇರಿ ತಂಡದಲ್ಲೋ ಕೈಯಾರೆ ಮ್ಯಾಟ್ ಹಾಸಿ, ರೋಲರ್ ಓಡಿಸಿ ಬನ್ನಿ. ಗುಳ್ಳೆ ಎಲ್ಲಿ ಉಳಿಯುತ್ತದೆ ಎಂದು ಕೈಗೆ ಗೊತ್ತಿದ್ದರೆ ಪ್ರೋಬ್ ಎಲ್ಲಿಡಬೇಕು ಎಂಬುದೂ ಗೊತ್ತಾಗುತ್ತದೆ.

ಅರ್ಜಿ ಹಾಕುವ ಮೊದಲು ಕಣ್ಣಿನ ವೈದ್ಯರ ಬಳಿ ಹೋಗಿ. ಹತ್ತಿರದ ಸಣ್ಣ ಅಕ್ಷರ ಓದುವ ಪರೀಕ್ಷೆ ಮತ್ತು ಬಣ್ಣ ಗುರುತಿಸುವ ಪರೀಕ್ಷೆ ಎರಡೂ ಬೇಕು. ಹತ್ತಿರದ ದೃಷ್ಟಿಯ ಸರ್ಟಿಫಿಕೇಟನ್ನು ವರ್ಷಕ್ಕೊಮ್ಮೆ ಹೊಸದಾಗಿ ಮಾಡಿಸಬೇಕಾಗುತ್ತದೆ. ಕನ್ನಡಕ ಹಾಕಿಕೊಂಡು ಪಾಸಾದರೂ ಅಡ್ಡಿಯಿಲ್ಲ.